ಪಿಸಿಟಿ ನೋಡಿ ಆಂಟಿಬಯಾಟಿಕ್ ನಿಲ್ಲಿಸುವುದು: ಐಸಿಯು ಡ್ಯೂಟಿ ಡಾಕ್ಟರಿಗೆ

ಪ್ರೊಕ್ಯಾಲ್ಸಿಟೋನಿನ್, ಅಂದರೆ ಪಿಸಿಟಿ, ಬ್ಯಾಕ್ಟೀರಿಯಾ ಸೋಂಕಾದಾಗ ರಕ್ತದಲ್ಲಿ ಏರುವ ಅಂಶ; ಆಂಟಿಬಯಾಟಿಕ್ ನಿಲ್ಲಿಸುವಾಗ ಉಪಯೋಗಕ್ಕೆ ಬರುತ್ತದೆ. ಶುರು ಮಾಡುವುದಕ್ಕೆ ಅದನ್ನು ಕಾಯಬಾರದು. ಸೆಪ್ಸಿಸ್‌ನಿಂದ (ಸೋಂಕು ಮೈಯಿಡೀ ಕೆಡಿಸಿದ ಸ್ಥಿತಿ) ಬಿಪಿ ಕುಸಿದಿದ್ದರೆ ಎರಡು ಕಡೆಯಿಂದ ಬ್ಲಡ್ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ತೆಗೆಯಿರಿ, ಬಾಟಲಿಗೆ 8ರಿಂದ 10 ಎಂಎಲ್. ಆಗಲೇ ಪಿಸಿಟಿಗೂ ರಕ್ತ ಕಳಿಸಿ. ಮೊದಲ ಡೋಸ್ ಒಂದು ಗಂಟೆಯೊಳಗೆ ಹೋಗಬೇಕು.

ಸೋಂಕಾದ 4ರಿಂದ 6 ಗಂಟೆಯಲ್ಲಿ ಏರತೊಡಗುವ ಪಿಸಿಟಿ ತುದಿ ಮುಟ್ಟುವುದು 12ರಿಂದ 24 ಗಂಟೆಗೆ. ಹಾಗಾಗಿ ಮರುದಿನ ಇನ್ನೊಮ್ಮೆ ನೋಡಿ, ಎರಡರಲ್ಲಿ ದೊಡ್ಡದನ್ನು ಗರಿಷ್ಠವೆಂದು ಚಾರ್ಟಿನಲ್ಲಿ ಬರೆದಿಡಿ. ಆಮೇಲೆ ದಿನಾ ಅಥವಾ ದಿನ ಬಿಟ್ಟು ದಿನ, ಒಂದೇ ಲ್ಯಾಬಿನಲ್ಲಿ. ಸೋಂಕು ಹತೋಟಿಗೆ ಬಂದರೆ ದಿನಕ್ಕೆ ಸುಮಾರು ಅರ್ಧ ಇಳಿಯುತ್ತದೆ. ಕಿಡ್ನಿ ಕೆಟ್ಟವರಲ್ಲಿ ಇನ್ನೂ ನಿಧಾನ.

ಗರಿಷ್ಠ 24 ಇದ್ದದ್ದು ಐದನೇ ದಿನ 4.2ಕ್ಕೆ ಬಂತು ಅನ್ನಿ. ಇಳಿದದ್ದು 19.8, ಅಂದರೆ ಶೇ 82.5. ಶೇ 80 ಇಳಿದರೆ ಅಥವಾ ಎಂಎಲ್‌ಗೆ 0.5 ನ್ಯಾನೋಗ್ರಾಂಗಿಂತ ಕೆಳಗೆ ಬಂದರೆ ನಿಲ್ಲಿಸಬಹುದು, ರೋಗಿಯೂ ಚೇತರಿಸಿಕೊಂಡಿದ್ದರೆ ಮಾತ್ರ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಡಾಪ್ಟ್-ಸೆಪ್ಸಿಸ್ ಅಧ್ಯಯನದಲ್ಲಿ ಪಿಸಿಟಿಯಿಂದ ಉಳಿದ ಆಂಟಿಬಯಾಟಿಕ್ ಒಂದು ದಿನಕ್ಕೂ ಚೂರು ಕಡಿಮೆ. ಉರಿಯೂತ ಅಳೆಯುವ ಇನ್ನೊಂದು ರಕ್ತಪರೀಕ್ಷೆ ಸಿಆರ್‌ಪಿಯಿಂದ ಅಷ್ಟೂ ಇಲ್ಲ.

ಎಡವುವುದು ಹೆಚ್ಚಾಗಿ ಬೇರೆ ಆಸ್ಪತ್ರೆಯಿಂದ ಶಿಫ್ಟ್ ಆಗಿ ಬಂದವರಲ್ಲಿ. ಕುಂದಾಪುರದಲ್ಲಿ ಮೂರು ದಿನ ಮಲಗಿ ಮಣಿಪಾಲಕ್ಕೆ ಬಂದವರ ಗರಿಷ್ಠ ಅಲ್ಲೇ ದಾಟಿರುತ್ತದೆ. ಇಲ್ಲಿನ ಮೊದಲ ಅಂಕಿಯನ್ನೇ ಗರಿಷ್ಠವೆಂದು ಹಿಡಿದರೆ ಶೇ 80ರ ಲೆಕ್ಕ ಕೂಡುವುದೇ ಇಲ್ಲ, ಔಷಧ ಸುಮ್ಮನೆ ಮುಂದುವರಿಯುತ್ತದೆ. ಹಳೆಯ ರಿಪೋರ್ಟ್ ತರಿಸಿಕೊಳ್ಳಿ. ಅಲ್ಲಿನ ಮೆಷಿನ್ ಬೇರೆಯಾದರೆ ಆ ಅಂಕಿ ಅಂದಾಜಿಗಷ್ಟೇ.

ಮಳೆಗಾಲದಲ್ಲಿ ಪಿಸಿಟಿ ಜಾಸ್ತಿ ಬಂದ ಕೂಡಲೇ ಬ್ಯಾಕ್ಟೀರಿಯಾ ಅನ್ನಬೇಡಿ. ಮಲೇರಿಯಾದಲ್ಲೂ ಏರುತ್ತದೆ, ರಕ್ತದ ಸ್ಮಿಯರ್ ನೋಡಿ. ದೊಡ್ಡ ಆಪರೇಷನ್, ಅಪಘಾತ, ಸುಟ್ಟಗಾಯ ಆದ ಮೊದಲ ದಿನಗಳಲ್ಲೂ ಇದೇ ಕತೆ.

ಮಣ್ಣು, ನೀರಿನ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ಸಂಗತಿ ಬೇರೆ. ಗದ್ದೆ ಕೆಲಸದ, ಸಕ್ಕರೆ ಕಾಯಿಲೆಯ ರೋಗಿಗೆ ನ್ಯುಮೋನಿಯಾ ಇದ್ದು ಲಿವರಿನಲ್ಲೋ ಸ್ಪ್ಲೀನಿನಲ್ಲೋ ಕೀವು ಕಂಡರೆ ಅದರ ಶಂಕೆ ಇರಲಿ, ಲ್ಯಾಬಿಗೂ ಹೇಳಿ. ಕಲ್ಚರಿನಲ್ಲಿ ಸೂಡೊಮೊನಾಸ್ ಎಂದು ತಪ್ಪಾಗಿ ಗುರುತಿಸುವುದುಂಟು. ಇದರಲ್ಲಿ ಪಿಸಿಟಿ ಇಳಿಯಿತೆಂದು ನಿಲ್ಲಿಸುವಂತಿಲ್ಲ: ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಕನಿಷ್ಠ 10ರಿಂದ 14 ದಿನ, ಬಳಿಕ ಕೋ-ಟ್ರೈಮಾಕ್ಸಜೋಲ್ ಕನಿಷ್ಠ 3 ತಿಂಗಳು. ಹೃದಯದ ಕವಾಟದ ಸೋಂಕು, ಮೂಳೆ ಸೋಂಕು, ರಕ್ತದಲ್ಲಿ ಸ್ಟ್ಯಾಫ್ ಆರಿಯಸ್ ಇದ್ದವರಿಗೂ ಪಿಸಿಟಿಯ ಲೆಕ್ಕ ಬೇಡ.

ನಾಲ್ಕನೇ ದಿನಕ್ಕೂ ಇಳಿಯದಿದ್ದರೆ ಸುಮ್ಮನೆ ಇನ್ನೊಂದು ಆಂಟಿಬಯಾಟಿಕ್ ಸೇರಿಸಬೇಡಿ. ಸ್ಕ್ಯಾನ್ ಮಾಡಿಸಿ ಎಲ್ಲಾದರೂ ಕೀವು ನಿಂತಿದೆಯೇ ಹುಡುಕಿ, ಹಳೆಯ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ಬದಲಿಸಿ, ಕಲ್ಚರಿಗೆ ತಕ್ಕ ಔಷಧ, ತಕ್ಕ ಡೋಸ್ ಹೋಗುತ್ತಿದೆಯೇ ನೋಡಿ.