ಫ್ರೀಜರ್ ತಣ್ಣಗಾಗುತ್ತಿಲ್ಲವಾ? ಗ್ಯಾಸ್ ತುಂಬಿಸುವ ಮೊದಲು ಸೆನ್ಸರ್ ನೋಡಿ

ಐಸ್‌ಕ್ರೀಮ್ ನೀರಾಗಿದೆ, ಬಟಾಣಿ ಪ್ಯಾಕೆಟ್ ಮೆತ್ತಗಾಗಿದೆ. ರಿಪೇರಿಯವರು ಬಂದವರೇ ಗ್ಯಾಸ್ ಹೋಗಿದೆ ಎಂದರು. ನಮ್ಮ ಮನೆಯಲ್ಲಿ ಹೀಗೇ ಆಯಿತು. ದುಡ್ಡು ಕೊಟ್ಟು ಗ್ಯಾಸ್ ತುಂಬಿಸಿದೆವು, ಎರಡು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕತೆ. ಆ ಎರಡು ವಾರ ಸರಿಯಿದ್ದದ್ದು ಗ್ಯಾಸ್‌ನಿಂದಲ್ಲ, ರಿಪೇರಿಗೆಂದು ಫ್ರಿಜ್ ಆಫ್ ಮಾಡಿದಾಗ ಒಳಗಿನ ಐಸ್ ಕರಗಿತ್ತಲ್ಲ, ಅದರಿಂದ. ಕೆಟ್ಟಿದ್ದು ತಂಪು ಎಷ್ಟಿದೆ ಎಂದು ಅಳೆಯುವ, ಕಡಲೆಬೀಜದಷ್ಟಿರುವ ಒಂದು ಸೆನ್ಸರ್.

ಇದು ಫ್ರಾಸ್ಟ್ ಫ್ರೀ, ಅಂದರೆ ಐಸನ್ನು ತಾನೇ ಕರಗಿಸಿಕೊಳ್ಳುವ ಫ್ರಿಜ್‌ಗಳ ಮಾತು. ಗುಂಡಿ ಒತ್ತಿ ಐಸ್ ಕರಗಿಸುವ ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಸಾಮಾನ್ಯವಾಗಿ ತಿರುಗಿಸುವ ಥರ್ಮೋಸ್ಟಾಟ್ ಇರುತ್ತದೆ, ಅದರ ಪರೀಕ್ಷೆ ಬೇರೆ.

ಮೊದಲು ಸುಲಭದ್ದು. ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಸಡಿಲವಾಗಿದೆ. ಗಾಳಿ ಬರುವ ಕಿಂಡಿಗೆ ಪ್ಯಾಕೆಟ್ ಅಡ್ಡ ಇಟ್ಟಿದ್ದರೆ ತೆಗೆಯಿರಿ. ಆಮೇಲೆ ಒಂದು ಥರ್ಮಾಮೀಟರನ್ನು ಪ್ಯಾಕೆಟ್‌ಗಳ ನಡುವೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೈನಸ್ 18 ಡಿಗ್ರಿಯ ಆಸುಪಾಸು ಇರಬೇಕು. ಡಿಸ್‌ಪ್ಲೇ ಮೈನಸ್ 18 ತೋರಿಸುತ್ತಾ ಥರ್ಮಾಮೀಟರ್ ಮೈನಸ್ 6 ಅಂದರೆ ಅನುಮಾನ ಸೆನ್ಸರ್ ಮೇಲೆ.

ಈ ಸೆನ್ಸರ್ ಒಂದು ಥರ್ಮಿಸ್ಟರ್. ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟನ್ನು ತಡೆಯುವ ಗುಣ) ಏರುತ್ತದೆ, ಫ್ರಿಜ್‌ನ ಎಲೆಕ್ಟ್ರಾನಿಕ್ ಬೋರ್ಡ್ ಆ ಅಂಕಿ ನೋಡಿಯೇ ಕಂಪ್ರೆಸರ್ ಓಡಿಸುತ್ತದೆ. ಸೆನ್ಸರ್‌ನ ತಲೆಯೊಳಗೆ ನೀರು ಸೇರಿದರೆ ರೆಸಿಸ್ಟೆನ್ಸ್ ಇಳಿಯುತ್ತದೆ, ಇನ್ನೂ ಬಿಸಿಯಿದೆ ಅಂದುಕೊಂಡು ಬೋರ್ಡ್ ಕಂಪ್ರೆಸರನ್ನು ಬಿಡದೆ ಓಡಿಸುತ್ತದೆ, ಕರೆಂಟ್ ಬಿಲ್ ಏರುತ್ತದೆ. ಕನೆಕ್ಟರ್‌ಗೆ ತುಕ್ಕು ಹಿಡಿದರೆ ಉಲ್ಟಾ: ರೆಸಿಸ್ಟೆನ್ಸ್ ಜಾಸ್ತಿಯಾಗಿ ಸಾಕಷ್ಟು ತಣ್ಣಗಾಗಿದೆ ಅಂದುಕೊಳ್ಳುತ್ತದೆ, ಬೇಗ ನಿಲ್ಲಿಸುತ್ತದೆ. ಫ್ರೀಜರನ್ನು ತಣ್ಣಗಾಗಿಸುವ ಕೊಳವೆಗೆ, ಅಂದರೆ ಕಾಯಿಲ್‌ಗೆ ಕಟ್ಟಿರುವ ಇನ್ನೊಂದು ಸೆನ್ಸರ್ ಕೆಟ್ಟರೆ ಐಸ್ ಸರಿಯಾಗಿ ಕರಗದೆ ಕಟ್ಟಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ನಮ್ಮಲ್ಲಿ ಆಗಿದ್ದು ಇದೇ.

ಈಗ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸಾಮಾನೆಲ್ಲ ಥರ್ಮೋಕೋಲ್ ಡಬ್ಬಕ್ಕೆ ಹಾಕಿ, ಕೆಳಗೆ ಹಳೇ ಟವಲ್ ಹಾಸಿ, ಬಾಗಿಲು ತೆರೆದು ಐಸ್ ತಾನಾಗೇ ಕರಗಲು ಬಿಡಿ. ದಯವಿಟ್ಟು ಚಾಕುವಿನಿಂದ ಕೆರೆಯಬೇಡಿ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿರುವುದು ಆರ್600ಎ, ಅದು ಬೆಂಕಿ ಹತ್ತುವ ಗ್ಯಾಸ್. ಕಾಯಿಲ್ ತೂತಾದರೆ ಅಪಾಯ.

ಫ್ರೀಜರ್ ಒಳಗೆ ಹಿಂಬದಿಯಲ್ಲಿರುವ ಪ್ಯಾನೆಲ್‌ನ ಸ್ಕ್ರೂ ಬಿಚ್ಚಿದರೆ ಎರಡು ವೈರಿನ ಸೆನ್ಸರ್ ಸಿಗುತ್ತದೆ. ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ಅಳೆಯುವಾಗ ಕನೆಕ್ಟರ್ ಕಳಚಲೇಬೇಕು, ಇಲ್ಲದಿದ್ದರೆ ಬೋರ್ಡ್‌ನ ರೆಸಿಸ್ಟೆನ್ಸ್ ಸೇರಿಕೊಂಡು ಸುಳ್ಳು ಅಂಕಿ ಬರುತ್ತದೆ. ರೆಸಿಸ್ಟೆನ್ಸ್ ಅಳೆಯುವ ಮಲ್ಟಿಮೀಟರನ್ನು 200 ಕಿಲೋಓಮ್ (ರೆಸಿಸ್ಟೆನ್ಸ್‌ನ ಅಳತೆ) ರೇಂಜ್‌ಗೆ ಇಡಿ.

ಪುಡಿ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಕಲಕಿ. ಅದು ಸೊನ್ನೆ ಡಿಗ್ರಿ. ಸೆನ್ಸರ್ ತಲೆಯನ್ನು ಐದು ನಿಮಿಷ ಅದರಲ್ಲಿ ಮುಳುಗಿಸಿ. 25 ಡಿಗ್ರಿಯಲ್ಲಿ 10 ಕಿಲೋಓಮ್ ಇರುವ ಸೆನ್ಸರ್ ಇಲ್ಲಿ ಸುಮಾರು 27ರಿಂದ 33 ತೋರಿಸಬೇಕು. 5 ಕಿಲೋಓಮ್‌ನದಾದರೆ 13ರಿಂದ 16. ನಿಮ್ಮ ಮಾಡೆಲ್‌ನ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಲೋಟದಿಂದ ತೆಗೆದು ಮುಷ್ಟಿಯಲ್ಲಿ ಹಿಡಿಯಿರಿ, ಅಂಕಿ ನಿಧಾನವಾಗಿ ಇಳಿಯುತ್ತಾ ಹೋಗಬೇಕು. ಎಗರಾಡಿದರೆ, ಅಲುಗದೆ ನಿಂತರೆ, ಅಥವಾ ಮೀಟರ್ ಏನೂ ತೋರಿಸದಿದ್ದರೆ ಸೆನ್ಸರ್ ಹೋಗಿದೆ ಅಂತಲೇ.

ಹೊಸದು ತರುವಾಗ ಫ್ರಿಜ್ ಒಳಗಿನ ಸ್ಟಿಕ್ಕರ್‌ನ ಮಾಡೆಲ್ ನಂಬರ್ ಕೊಟ್ಟು ಅದರದ್ದೇ ಕೇಳಿ. ನೋಡಲು ಒಂದೇ ಥರ ಇದೆ ಅಂತ 10ರ ಜಾಗಕ್ಕೆ 5 ಹಾಕಿದರೆ ಕೆಲಸ ಕೆಡುತ್ತದೆ. ವೈರ್ ಜೋಡಿಸಬೇಕಾದರೆ ಬರೀ ಟೇಪ್ ಸುತ್ತಬೇಡಿ, ಬೆಸುಗೆ ಹಾಕಿ ನೀರು ಹೋಗದಂತೆ ಸ್ಲೀವ್ ಹಾಕಿಸಿ. ಸೆನ್ಸರನ್ನು ಮೊದಲಿದ್ದ ಕ್ಲಿಪ್‌ಗೇ ಸಿಕ್ಕಿಸಿ.

ಎಲ್ಲ ಮುಚ್ಚಿ ಆನ್ ಮಾಡಿದ ಮೇಲೆ 24 ಗಂಟೆ ಕಾಯಿರಿ, ಥರ್ಮಾಮೀಟರ್ ನೋಡಿ. ಸೆನ್ಸರ್ ಸರಿಯಿದ್ದೂ ತಣ್ಣಗಾಗದಿದ್ದರೆ ಆಗ ಮೆಕ್ಯಾನಿಕ್‌ಗೆ ಫೋನ್ ಮಾಡಿ, ನೀವು ಅಳೆದ ಅಂಕಿ ಹೇಳಿ, ಐಸ್ ಕರಗಿಸುವ ಡಿಫ್ರಾಸ್ಟ್ ಹೀಟರ್ ಮತ್ತು ಫ್ಯಾನ್ ನೋಡಿದ ಮೇಲೇ ಗ್ಯಾಸ್ ವಿಷಯಕ್ಕೆ ಬರಲು ಕೇಳಿಕೊಳ್ಳಿ.