ಎಚ್ಚರ ಅದಾನೋ ಇಲ್ಲೋ ಅಂತ ನಾ ಹ್ಯಾಂಗ ನೋಡ್ತೀನಿ

ನಾನು ಕಲಬುರಗ್ಯಾಗ ನ್ಯೂರೋ ಫಿಸಿಯೋ. ತಲಿಗೆ ಪೆಟ್ಟು ಬಿದ್ದು, ಐಸಿಯುದಿಂದ ವಾರ್ಡಿಗೆ ಬಂದು, ಕಣ್ಣು ಬಿಟ್ರೂ ಮಾತಿಲ್ಲದ ಮಲಗಿದ ಪೇಷಂಟ್‌ಗಳೇ ನನ್ನ ಹತ್ರ ಜಾಸ್ತಿ. ಮನಿ ಮಂದಿ ಕೇಳೋದು ಒಂದೇ, "ಸರ್, ನಾವು ಮಾತಾಡಿದ್ದು ಇವಗ ತಿಳೀತದೇನ್ರಿ?"

ಜಿಸಿಎಸ್, ಅಂದ್ರ ಕಣ್ಣು, ಮಾತು, ಕೈಕಾಲಿನ ಅಲುಗಾಟ ನೋಡಿ ಮಾರ್ಕ್ಸ್ ಕೊಡೋ ಸ್ಕೇಲು, ಇದಕ್ಕ ಸಾಲಂಗಿಲ್ಲ, ಕುತ್ತಿಗಿಗೆ ಟ್ರಾಕಿ (ಉಸಿರಾಡ್ಲಿಕ್ಕೆ ಹಾಕೋ ಕೊಳವಿ) ಹಾಕಿದ್ರ ಮಾತಿನ ಮಾರ್ಕ್ಸೇ ಕೊಡ್ಲಿಕ್ಕೆ ಬರಂಗಿಲ್ಲ. ನಾ ಮಾಡೋದು ಸಿಆರ್‌ಎಸ್-ಆರ್, ಪೇಷಂಟ್‌ಗೆ ಅರಿವು ಎಷ್ಟದ ಅಂತ ಅಳಿಯೋ, 2004ರಾಗ ಬಂದ ಸ್ಕೇಲು, ಒಟ್ಟು 23 ಮಾರ್ಕ್ಸು, ಖರೇ ಅಂದ್ರ ಟೋಟಲ್‌ಗಿಂತ ಯಾವ ಭಾಗದಾಗ ಎಷ್ಟು ಬಂತು ಅನ್ನೋದೇ ನೋಡ್ಬೇಕು. ಶುರು ಮಾಡೂಕಿಂತ ಮೊದಲ ರಾತ್ರಿ ನಿದ್ದಿ ಇಂಜೆಕ್ಷನ್ ಏನರ ಕೊಟ್ಟಾರೇನು, ಜ್ವರ ಅದೇನು ಅಂತ ಸಿಸ್ಟರ್‌ನ ಕೇಳ್ತೀನಿ, ಪೇಷಂಟ್‌ನ ಎಬ್ಬಿಸಿ ಒರಗಿಸಿ ಕೂಡಿಸ್ತೀನಿ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದಾಗಂತೂ ಮಾಡಂಗೇ ಇಲ್ಲ, ಆ ಬಿಸಲಾಗ ನಮಗೇ ಎಚ್ಚರ ಇರಂಗಿಲ್ಲ.

ಕಣ್ಣು ಹಿಂಬಾಲಿಸ್ತದೋ ಇಲ್ಲೋ ನೋಡ್ಲಿಕ್ಕೆ ಕನ್ನಡಿನೇ ಬೇಕು, ಪೆನ್ನು ಬೆರಳು ನಡಿಯಂಗಿಲ್ಲ, ತನ್ನ ಮಾರಿ ಕಂಡ್ರ ಕಣ್ಣು ಬೇಗ ನಿಲ್ತದ. ಮುಖದಿಂದ 4-6 ಇಂಚು ದೂರ ಹಿಡಿದು ಸಾವಕಾಶ ಎಡಕ್ಕ, ಬಲಕ್ಕ, ಮ್ಯಾಲ, ಕೆಳಗ 45 ಡಿಗ್ರಿ ಸರಿಸ್ಬೇಕು. ಗಡಿಬಿಡಿಲಿಂದ ಸರಿಸಿ "ನೋಡವಲ್ಲ" ಅಂತ ಬರೆಯೋರು ಭಾಳ ಮಂದಿ ಅದಾರ.

ಕೈಯಾಗ ಕೈ ಇಟ್ಟು "ಹಿಡಿ ಅಪ್ಪಾ" ಅನ್ನೋದು ಬ್ಯಾಡ. ಅಂಗೈ ಮುಟ್ಟಿದ್ರ ಬೆರಳು ತಾನೇ ಮಡಚ್ತಾವ, ಮನಿಯವ್ರು ನೋಡಿ ಕುಣಿದಾಡ್ತಾರ, ಆದ್ರ ಅದು ಬರೇ ರಿಫ್ಲೆಕ್ಸ್. ಅದಕ್ಕ ಒಂದು ನಿಮಿಷ ಸುಮ್ನ ಕುಂತು, ಅವ ತಾನಾಗೇ ಏನೇನು ಅಲುಗಾಡಿಸ್ತಾನ ನೋಡಿ, ಅದು ಬಿಟ್ಟು ಬ್ಯಾರೇದು ಕೇಳ್ತೀನಿ. ನಾಕು ಸಲ ಹೇಳಿ, ಒಂದೊಂದಕ್ಕ ಹತ್ತು ಸೆಕೆಂಡ್ ಕಾಯೋದು, ಮೂರು ಸಲನರ ಮಾಡಿದ್ರ ಮಾರ್ಕ್ಸ್. 2009ರಾಗ ಬೆಲ್ಜಿಯಂದಾಗ 44 ಮಂದಿಗೆ ಡಾಕ್ಟ್ರ ಟೀಮು ಅರಿವೇ ಇಲ್ಲ ಅಂದಿತ್ತು, ಈ ಸ್ಕೇಲಿನಾಗ ನೋಡಿದ್ರ 18 ಮಂದಿಗೆ ಸ್ವಲ್ಪರ ಅರಿವು ಇತ್ತು. ಅದಕ್ಕೇ ಒಂದು ಸಲ ನೋಡಿ ಮುಗಸಂಗಿಲ್ಲ, ಎರಡು ವಾರದಾಗ ಕಡಿಮಿ ಅಂದ್ರ ಐದು ಸಲ, ಬ್ಯಾರೆ ಬ್ಯಾರೆ ಹೊತ್ತಿಗೆ.

ಇನ್ನ ಭಾಷೆ. ನಮ್ಮ ಕಡಿ ಆಳಂದದವ್ರ ಮನ್ಯಾಗ ಮರಾಠಿ ಇರ್ತದ, ಸೇಡಂ ಕಡಿ ತೆಲುಗು, ಊರಾಗ ದಖನಿ ಉರ್ದು. ಚಿಂಚೋಳಿ ಕಡಿ ತಾಂಡಾದ ಒಬ್ಬ ಹುಡುಗ, ಬೈಕಿನಿಂದ ಬಿದ್ದಂವ, ಕನ್ನಡದಾಗ ಹೆಬ್ಬಟ್ಟು ಎತ್ತು ಅಂದ್ರ ಏನೂ ಇಲ್ಲ, ಹಿಂದಿದಾಗೂ ಇಲ್ಲ. ಅವರವ್ವನ ಮುಂದ ಕೂಡಿಸಿ, ಕಿವಿ ಹತ್ರ ಹೋಗಿ ನಿಮ್ಮ ಮಾತಿನಾಗ ಹೇಳವ್ವಾ, ಮೈ ಮಾತ್ರ ಮುಟ್ಟಬ್ಯಾಡ ಅಂದೆ. ಆಕಿ ಲಂಬಾಣಿದಾಗ ಹೇಳಿ ಸುಮ್ನಾದ್ಲು. ಎಂಟು ಎಣಸೂತನ ಏನಿಲ್ಲ, ಒಂಬತ್ತಕ್ಕ ಹೆಬ್ಬಟ್ಟು ಸ್ವಲ್ಪ ಮ್ಯಾಲ ಬಂತು. ನಾಕರಾಗ ಮೂರು ಸಲ. ಆಕಿ ಕೂಡ್ಲೇ "ಮತ್ತ ನಡೀತಾನೇನ್ರಿ?" ಅಂದ್ಲು, ಅದು ಈಗೇ ಹೇಳ್ಲಿಕ್ಕೆ ಬರಂಗಿಲ್ಲವ್ವಾ ಅಂದು, ಫೈಲಿನಾಗ ಯಾರು ಯಾವ ಭಾಷೆದಾಗ ಹೇಳಿದ್ರು, ಎಷ್ಟು ಹೊತ್ತಿಗೆ ಅಂತ ಬರದು, ರಾತ್ರಿ ಶಿಫ್ಟಿನ ಸಿಸ್ಟರ್‌ಗೂ ಹೇಳಿ ಬಂದೆ.