ಪುದುಚೇರಿಯ ವಸಾಹತು ಇತಿಹಾಸವನ್ನು ಬೀದಿಗಳಲ್ಲಿ ಓದುವುದು ಹೇಗೆ

ರಜೆಗೆಂದು ಬೆಂಗಳೂರಿನಿಂದ ಪುದುಚೇರಿಗೆ ಹೋಗುವವರಲ್ಲಿ ಹೆಚ್ಚಿನವರು ಕಡಲಂಚಿನ ಹಳದಿ ಗೋಡೆಗಳ ಬೀದಿಗಳಲ್ಲಿ ಸುತ್ತಾಡಿ ಹಿಂದಿರುಗುತ್ತಾರೆ. ಆ ಬೀದಿಗಳು ನಿಜಕ್ಕೂ ಸುಂದರವಾಗಿವೆ. ಆದರೆ ಊರಿನ ಇತಿಹಾಸವನ್ನು ತಿಳಿಯಬೇಕೆಂಬ ಆಸೆಯಿರುವವರು ಅಲ್ಲಿಂದ ಆರಂಭಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಇಂದು ಕಾಣುವ ಫ್ರೆಂಚ್ ಭಾಗ 1761ರ ವಿನಾಶದ ನಂತರ ಮತ್ತೊಮ್ಮೆ ಕಟ್ಟಿದ್ದು. ಅದನ್ನು ಸಾಧ್ಯವಾಗಿಸಿದ ವ್ಯಾಪಾರ ಮತ್ತು ದುಡಿಮೆಯ ಕುರುಹುಗಳನ್ನು ನಗರವನ್ನು ಇಬ್ಭಾಗ ಮಾಡುವ ಕಾಲುವೆಯ ಪಶ್ಚಿಮಕ್ಕೂ ಊರಿನ ದಕ್ಷಿಣದ ಹೊರವಲಯದಲ್ಲೂ ಹುಡುಕಬೇಕು. ಆದ್ದರಿಂದ ಎರಡು ದಿನಗಳನ್ನಾದರೂ ಇಟ್ಟುಕೊಂಡು, ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ತಮಿಳು ಬೀದಿಗಳಿಂದ ಕಡಲಿನತ್ತ ನಡೆಯುವ ಕ್ರಮವನ್ನು ಇಲ್ಲಿ ಸೂಚಿಸುತ್ತಿದ್ದೇನೆ.

ಹೊರಡುವ ಮೊದಲು ಕೆಲವು ಇಸವಿಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. 1674ರಲ್ಲಿ ಫ್ರಾನ್ಸ್ವಾ ಮಾರ್ಟಿನ್ ಇಲ್ಲಿ ಫ್ರೆಂಚ್ ಕಂಪನಿಯ ನೆಲೆಯನ್ನು ಸ್ಥಾಪಿಸಿದ. 1693ರಲ್ಲಿ ಡಚ್ಚರು ಅದನ್ನು ವಶಪಡಿಸಿಕೊಂಡು, 1699ರಲ್ಲಿ ಹಿಂದಿರುಗಿಸಿದರು. ಇಂದಿಗೂ ಉಳಿದಿರುವ ನೇರ ಬೀದಿಗಳ ಚೌಕುಳಿ ವಿನ್ಯಾಸದ ಮೂಲ ಆ ಅಲ್ಪಾವಧಿಯ ಡಚ್ ನಕ್ಷೆಯಲ್ಲಿದೆ. 1742ರಿಂದ 1754ರವರೆಗೆ ಡೂಪ್ಲೆ ಗವರ್ನರನಾಗಿದ್ದ. 1761ರಲ್ಲಿ ಬ್ರಿಟಿಷರು ಊರನ್ನು ನೆಲಸಮ ಮಾಡಿದರು. ಆಮೇಲೆ ಹಲವು ಬಾರಿ ಕೈಬದಲಾಗಿ, 1816ರಲ್ಲಿ ಅದು ಕೊನೆಯದಾಗಿ ಫ್ರೆಂಚರಿಗೆ ಮರಳಿತು. ಇಷ್ಟು ತಿಳಿದಿದ್ದರೆ ಯಾವ ಕಟ್ಟಡದ ಮುಂದೆ ನಿಂತರೂ ಇದು 1761ಕ್ಕೆ ಮೊದಲಿನದೋ ನಂತರದ್ದೋ ಎಂದು ಕೇಳಬಹುದು, ಮತ್ತು ಆ ಪ್ರಶ್ನೆಯೇ ಅರ್ಧ ದಾರಿಯನ್ನು ತೋರಿಸುತ್ತದೆ. ಸಾಧ್ಯವಿದ್ದರೆ ಆನಂದರಂಗ ಪಿಳ್ಳೈಯವರ ದಿನಚರಿಯ ಕೆಲವು ಪುಟಗಳನ್ನೂ ಓದಿಕೊಳ್ಳಬೇಕು. ಡೂಪ್ಲೆಯ ಮುಖ್ಯ ದುಭಾಷಿಯಾಗಿದ್ದ ಇವರು 1736ರಿಂದ ಬರೆಯುತ್ತ ಬಂದ ಈ ತಮಿಳು ದಿನಚರಿ ಇಂಗ್ಲಿಷಿನಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟವಾಗಿದೆ. ಎಲ್ಲವನ್ನೂ ಓದುವ ಅಗತ್ಯವಿಲ್ಲ. 1748ರ ಭಾಗವೊಂದನ್ನು ಓದಿದರೂ ಸಾಕು.

ಕೃಷ್ಣಗಿರಿ, ತಿರುವಣ್ಣಾಮಲೈ ಮಾರ್ಗವಾಗಿ ಹೋಗುವವರಿಗೆ ದಾರಿಯಲ್ಲೇ ಜಿಂಜಿಯ ಕೋಟೆ ಸಿಗುತ್ತದೆ. ಅಲ್ಲಿ ಇಳಿದು ನೋಡುವುದಕ್ಕೆ ಕನ್ನಡಿಗರಿಗೆ ವಿಶೇಷ ಕಾರಣವಿದೆ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಈ ಪ್ರದೇಶ ವಿಜಯಪುರದ ಆದಿಲಶಾಹಿಗಳ ಕೈಯಲ್ಲಿತ್ತು. ಪುದುಚೇರಿಯಲ್ಲಿ ನೆಲೆಯೂರಲು ಫ್ರೆಂಚರಿಗೆ ಅನುಮತಿ ಕೊಟ್ಟ ಶೇರ್ ಖಾನ್ ಲೋದಿ ಅದೇ ದೊರೆಗಳ ಪ್ರಾಂತಾಧಿಕಾರಿಯಾಗಿದ್ದ. 1677ರಲ್ಲಿ ಶಿವಾಜಿ ದಂಡೆತ್ತಿ ಬಂದಾಗ ಮಾರ್ಟಿನ್ ತನ್ನ ನೆಲೆಯನ್ನು ಉಳಿಸಿಕೊಳ್ಳಲು ಮರಾಠರೊಂದಿಗೆ ಹೊಸದಾಗಿ ಒಪ್ಪಂದಕ್ಕೆ ಬರಬೇಕಾಯಿತು. ಫ್ರೆಂಚರು ಯಾರದೂ ಅಲ್ಲದ ಖಾಲಿ ದಂಡೆಗೆ ಬಂದಿಳಿದರೆಂಬ ಕಲ್ಪನೆ ಇಲ್ಲಿಯೇ ಅಳಿಯುತ್ತದೆ.

ಊರು ಸೇರಿದ ಮೇಲೆ ಮೊದಲು ದಕ್ಷಿಣಕ್ಕೆ, ಅರಿಯಾಂಕುಪ್ಪಂ ನದಿಯ ದಡದ ಅರಿಕಮೇಡಿಗೆ, ರೋಮ್‌ನೊಡನೆ ವ್ಯಾಪಾರವಿದ್ದ ಪ್ರಾಚೀನ ಬಂದರಿನ ನೆಲೆಗೆ, ಹೋಗಬೇಕು. ಕಣ್ಣಿಗೆ ಕಾಣುವುದು ತೋಪು ಮತ್ತು ಕೆಲವು ಮುರುಕು ಗೋಡೆಗಳಷ್ಟೇ. ಆದರೆ 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ನಡೆಸಿದ ಉತ್ಖನನದಲ್ಲಿ ಮೆಡಿಟರೇನಿಯನ್ ಕಡೆಯ ಮದ್ಯದ ಜಾಡಿಗಳ ಚೂರುಗಳೂ ಇಟಲಿಯ ಕೆಂಪು ಮಡಕೆಗಳೂ ದೊರೆತವು. ಎರಡು ವರ್ಷಗಳ ಬಳಿಕ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆದಾಗ, ಅಲ್ಲಿನ ಪದರಗಳ ಕಾಲವನ್ನು ನಿರ್ಧರಿಸಲು ನೆರವಾದದ್ದು ಅರಿಕಮೇಡಿನ ಮಡಕೆಗಳೇ. ಇಲ್ಲಿ ದೊರೆತ ವಸ್ತುಗಳಲ್ಲಿ ಕೆಲವನ್ನು ನಗರದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಸೋಮವಾರ ಅದಕ್ಕೆ ರಜೆ.

ಮರುದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ತಮಿಳು ಬೀದಿಗಳನ್ನು ನೋಡಬೇಕು. ವೈಸಿಯಾಳ್ ಬೀದಿಯಲ್ಲಿ ನಿಧಾನವಾಗಿ ನಡೆಯುತ್ತ ಒಂದೊಂದೇ ಮನೆಯನ್ನು ಕೆಳಗಿನಿಂದ ಮೇಲಕ್ಕೆ ಗಮನಿಸಬೇಕು. ಬೀದಿಗೆ ತೆರೆದ ಜಗಲಿ, ದಾರಿಹೋಕರಿಗೆ ನೆರಳಾಗುವಂತೆ ಮರದ ಕಂಬಗಳ ಮೇಲೆ ಇಳಿಬಿಟ್ಟ ಹೆಂಚಿನ ಸೂರು, ಕೆತ್ತನೆಯ ಬಾಗಿಲು, ಅದರಾಚೆಗೆ ತೊಟ್ಟಿಯ ಅಂಗಳ, ಇವೆಲ್ಲ ನಮ್ಮ ತೊಟ್ಟಿಮನೆಗಳನ್ನು ಬಲ್ಲವರಿಗೆ ಪರಿಚಿತವೇ. ಆದರೆ ಮಹಡಿಯತ್ತ ಕಣ್ಣು ಹಾಯಿಸಿದರೆ ಕಮಾನಿನ ಕಿಟಕಿ, ಗಾರೆಯ ಅರೆಗಂಬ, ಸಾಲುಗಂಬದ ಕಟಾಂಜನ ಕಾಣುತ್ತವೆ. ಯಾರೊಡನೆ ವ್ಯವಹರಿಸುತ್ತಿದ್ದರೋ ಅವರ ರುಚಿಯನ್ನು ಮೇಲಿಟ್ಟು, ತಮ್ಮ ಬದುಕಿನ ಕ್ರಮವನ್ನು ಕೆಳಗೆ ಹಾಗೆಯೇ ಉಳಿಸಿಕೊಂಡ ವರ್ತಕರ ಮನೆಗಳಿವು. ರಂಗಪಿಳ್ಳೈ ಬೀದಿಯಲ್ಲಿರುವ ಆನಂದರಂಗ ಪಿಳ್ಳೈಯವರ ಮನೆ ಈ ಬಗೆಯ ಹಳೆಯ ಮಾದರಿ, 1761ರ ಧ್ವಂಸದಿಂದ ಪಾರಾದ ಕೆಲವೇ ಕಟ್ಟಡಗಳಲ್ಲಿ ಒಂದು. ಒಳಗೆ ಬಿಟ್ಟೇ ಬಿಡುತ್ತಾರೆಂಬ ನಿರೀಕ್ಷೆಯಿಲ್ಲದೆ ಹೋಗಿ, ಮೊದಲೇ ವಿಚಾರಿಸಿ ಅನುಮತಿ ಪಡೆಯುವುದು ಲೇಸು.

ಅಲ್ಲಿಂದ ವೇದಪುರೀಶ್ವರ ದೇವಸ್ಥಾನಕ್ಕೂ ಮಿಷನ್ ಬೀದಿಯ ಕೆಥೆಡ್ರಲ್‌ಗೂ ಹೋಗಬೇಕು, ಮತ್ತು ಎರಡನ್ನೂ ಒಂದೇ ಕತೆಯಾಗಿ ನೋಡಬೇಕು. ಹಳೆಯ ದೇವಾಲಯವು ಜೆಸ್ಯೂಟ್ ಪಾದ್ರಿಗಳ ಚರ್ಚಿಗೆ ಹೊಂದಿಕೊಂಡೇ ಇತ್ತು. ಅದನ್ನು ಕೆಡವಬೇಕೆಂದು ಪಾದ್ರಿಗಳು ದಶಕಗಳ ಕಾಲ ಒತ್ತಾಯಿಸಿದ್ದರು. 1748ರಲ್ಲಿ, ಬ್ರಿಟಿಷರ ಮುತ್ತಿಗೆಯ ನಡುವೆ, ಡೂಪ್ಲೆಯ ಆಡಳಿತ ಅದನ್ನು ಕೆಡವಿಯೇ ಬಿಟ್ಟಿತು. ಡೂಪ್ಲೆಯನ್ನು ಮೆಚ್ಚಿ ಬರೆಯುತ್ತಿದ್ದ ಪಿಳ್ಳೈಯವರು ಈ ಪುಟಗಳಲ್ಲಿ ತೋಡಿಕೊಂಡಿರುವ ಸಂಕಟವನ್ನು ಓದಿದವರಿಗೆ, ಒಂದೇ ಆಡಳಿತದಿಂದ ಏಳಿಗೆಯನ್ನೂ ಅವಮಾನವನ್ನೂ ಪಡೆದವರ ಸ್ಥಿತಿ ಎಂತಹದ್ದೆಂದು ಅರಿವಾಗುತ್ತದೆ. ಈಗಿನ ದೇವಾಲಯ ಮುಂದೆ ಬೇರೆಡೆ ಕಟ್ಟಿದ್ದು. ಈಗಿನ ಕೆಥೆಡ್ರಲ್ 1791ರದು.

ಕಾಲುವೆಯ ದಡದಲ್ಲಿ ತುಸು ನಿಲ್ಲಬೇಕು. ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಸ್ಥಳೀಯರು ಎಂಬ ವಿಭಜನೆಯ ಗೆರೆ ಇದು. ಇದನ್ನು ದಾಟುವ ಮುನ್ನ 1761ರ ಧ್ವಂಸಕ್ಕೆ ದಾರಿಮಾಡಿದ ಯುದ್ಧವನ್ನು ನೆನೆಯಬೇಕು. 1760ರ ಆರಂಭದಲ್ಲಿ ವಾಂಡಿವಾಷ್‌ನಲ್ಲಿ ಬ್ರಿಟಿಷ್ ಸೇನಾನಿ ಐರ್ ಕೂಟ್‌ನಿಂದ ಸೋತ ಫ್ರೆಂಚ್ ಸೇನಾಪತಿ ಲಾಲಿ ಪುದುಚೇರಿಗೆ ಹಿಮ್ಮೆಟ್ಟಿದಾಗ, ಅವನು ನೆರವಿಗೆ ಕೈಚಾಚಿದ್ದು ಮೈಸೂರಿನ ಹೈದರಾಲಿಯ ಕಡೆಗೆ. ಹೈದರ್ ಮಖ್ದೂಮ್ ಅಲಿಯ ನೇತೃತ್ವದಲ್ಲಿ ಸೈನ್ಯವನ್ನು ಕಳುಹಿಸಿದ್ದೂ ಹೌದು; ಆದರೆ ಅದೇ ಆಗಸ್ಟಿನಲ್ಲಿ ಶ್ರೀರಂಗಪಟ್ಟಣದಲ್ಲಿ ಹೈದರನ ಆಪ್ತನಾಗಿದ್ದ ಖಂಡೇರಾಯನು ತಿರುಗಿಬಿದ್ದದ್ದರಿಂದ ಆ ಪಡೆಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. 1761ರ ಜನವರಿಯಲ್ಲಿ, ಹಸಿವಿನಿಂದ ಕಂಗೆಟ್ಟ ಊರು ಶರಣಾಯಿತು. ಪಿಳ್ಳೈಯವರು ಅದಕ್ಕೆ ಕೆಲವೇ ದಿನಗಳ ಮೊದಲು ತೀರಿಕೊಂಡಿದ್ದರು.

ಇಷ್ಟಾದ ಮೇಲೆ ಫ್ರೆಂಚ್ ಭಾಗಕ್ಕೆ ಕಾಲಿಡಬೇಕು. ಇಲ್ಲಿ ಜಗಲಿಗಳಿಲ್ಲ, ಎತ್ತರದ ಗೋಡೆಯೂ ಮುಚ್ಚಿದ ಹೆಬ್ಬಾಗಿಲೂ ಮನೆಯನ್ನು ಬೀದಿಯಿಂದ ಬೇರ್ಪಡಿಸುತ್ತವೆ. ಹಳೆಯದೆಂದು ತೋರುವುದೆಲ್ಲ ಹಳೆಯದಲ್ಲ ಎಂಬ ಎಚ್ಚರವೂ ಇರಬೇಕು: ಬೀಚ್ ರಸ್ತೆಯ ಮೇರಿ ಕಟ್ಟಡ, ಅಂದರೆ ಹಿಂದಿನ ಪುರಭವನ, 2014ರ ನವೆಂಬರಿನ ಮಳೆಯಲ್ಲಿ ಕುಸಿದುಬಿತ್ತು, ಈಗಿರುವುದು ಹಳೆಯ ರೂಪದಲ್ಲಿ ಹೊಸದಾಗಿ ಕಟ್ಟಿದ್ದು. ಭಾರತಿ ಉದ್ಯಾನದ ನಡುವಿನ ಬಿಳಿಯ ಆಯಿ ಮಂಟಪ ಮೂರನೆಯ ನೆಪೋಲಿಯನ್ನನ ಕಾಲದ್ದು. ಅದರ ಹಿಂದಿರುವ ಐತಿಹ್ಯದಲ್ಲಿ ನಮ್ಮ ಕೃಷ್ಣದೇವರಾಯನೂ ಬರುತ್ತಾನೆ: ದೀಪಗಳಿಂದ ಬೆಳಗುತ್ತಿದ್ದ ಮನೆಯನ್ನು ಗುಡಿಯೆಂದು ತಿಳಿದು ಕೈಮುಗಿದ ಅರಸ, ಅದು ಆಯಿ ಎಂಬ ಗಣಿಕೆಯ ಮನೆಯೆಂದು ಅರಿತು ಕೆಡವಲು ಆಜ್ಞಾಪಿಸಿದನಂತೆ, ಅವಳು ಆ ಜಾಗದಲ್ಲಿ ಕೆರೆ ತೋಡಿಸಿದಳಂತೆ. ಶತಮಾನಗಳ ನಂತರ ಫ್ರೆಂಚರು ಮುತ್ತಿರೈಯರಪಾಳ್ಯದ ಆ ನೀರನ್ನೇ ಊರಿಗೆ ತಂದು, ಅವಳ ಹೆಸರಿನಲ್ಲಿ ಮಂಟಪ ಕಟ್ಟಿದರು.

ಈ ವೈಭವದ ಬೆಲೆ ತೆತ್ತವರನ್ನು ಕಾಣಲು ಕಡಲೂರು ರಸ್ತೆಯ ಹಳೆಯ ಬಟ್ಟೆ ಗಿರಣಿಗಳತ್ತ ಹೋಗಬೇಕು, ಆದರೆ ಅಲ್ಲಿಗೆ ಹೋಗುವ ಪ್ರವಾಸಿಗರು ವಿರಳ ಎಂಬುದು ನನಗೆ ನೋವಿನ ಸಂಗತಿ. ಇಲ್ಲಿನ ನೀಲಿ ಬಣ್ಣದ ಬಟ್ಟೆ ಸೆನೆಗಲ್‌ಗೆ ಹೋಗಿ ಅಂಟಿಗೆ ವಿನಿಮಯವಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಪುದುಚೇರಿ ಮತ್ತು ಕಾರೈಕಾಲ್ ಬಂದರುಗಳಿಂದ ಕರಾರಿನ ಕೂಲಿಗಳು ರಿಯೂನಿಯನ್, ಗ್ವಾಡೆಲೂಪ್, ಮಾರ್ಟಿನಿಕ್‌ಗಳ ಕಬ್ಬಿನ ತೋಟಗಳಿಗೆ ಹಡಗೇರಿದರು. 1936ರ ಜುಲೈ 30ರಂದು ಮುಷ್ಕರನಿರತ ಗಿರಣಿ ಕಾರ್ಮಿಕರ ಮೇಲೆ ಗುಂಡು ಹಾರಿಸಿದಾಗ ಹನ್ನೆರಡು ಮಂದಿ ಸತ್ತರು. ಮರುವರ್ಷವೇ ಎಂಟು ಗಂಟೆಗಳ ದುಡಿಮೆಯ ನಿಯಮ ಜಾರಿಗೆ ಬಂತು.

ಸಮಯ ಉಳಿದರೆ ನಗರದ ಪಶ್ಚಿಮಕ್ಕಿರುವ ಕೀಳೂರು ಎಂಬ ಹಳ್ಳಿಗೆ ಹೋಗಿ ಬರಬೇಕು. 1954ರ ಅಕ್ಟೋಬರ್ 18ರಂದು ಇಲ್ಲಿ ಸೇರಿದ 178 ಜನಪ್ರತಿನಿಧಿಗಳಲ್ಲಿ 170 ಮಂದಿ ಭಾರತದೊಂದಿಗೆ ವಿಲೀನಕ್ಕೆ ಮತ ನೀಡಿದರು. ನವೆಂಬರ್ 1ರಂದು ಆಡಳಿತ ಹಸ್ತಾಂತರವಾಯಿತು. 1956ರ ಒಪ್ಪಂದವನ್ನು ಫ್ರಾನ್ಸ್ ಅನುಮೋದಿಸಿ, ಕಾನೂನುಬದ್ಧ ಹಸ್ತಾಂತರ ಪೂರ್ಣಗೊಂಡದ್ದು 1962ರ ಆಗಸ್ಟ್ 16ರಂದು. ಸ್ವಾತಂತ್ರ್ಯ ದಿನದ ರಜೆಗೆ ಪುದುಚೇರಿಗೆ ಹೋಗುವವರು ಇನ್ನೊಂದು ದಿನ ಉಳಿದುಕೊಂಡರೆ, ಕೀಳೂರಿನ ಸ್ಮಾರಕದ ಬಳಿ ಆ ದಿನದ ನೆನಪಿಗೆ ನಡೆಯುವ ಕಾರ್ಯಕ್ರಮವನ್ನೂ ನೋಡಬಹುದು.